ಅಂಗನವಾಡಿಯಲ್ಲಿ ಕಂಕುಳ ಕೂಸಿಗೆ ಸಿಗುವುದೇನು?

ತಂಗಿಯ ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಮೂರು ತಿಂಗಳಿಂದ ನಮ್ಮೂರಿನ ಅಂಗನವಾಡಿಗೆ ಹೋಗಿಬರುತ್ತಿರುವ ನನಗೆ, ಈ ಸೇವೆಯಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ತೂಕದ ದಿನ. ಜೋಳಿಗೆಯಲ್ಲಿ ಕೂತ ಮಗು ಕೈಕಾಲು ಬಡಿದು ಅಳುತ್ತಿದ್ದರೂ ಕಾರ್ಯಕರ್ತೆ ಅವಸರ ಮಾಡದೆ ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾಯುತ್ತಾರೆ. ಆಮೇಲೆ 'ತಾಯಿ ಕಾರ್ಡಿ'ನಲ್ಲಿ ಮಗುವಿನ ತೂಕದ ರೇಖೆ, ತೂಕ ಕಡಿಮೆಯೆಂದು ಸೂಚಿಸುವ ಹಳದಿ ಪಟ್ಟಿಯತ್ತ ವಾಲಿದ್ದನ್ನು ಬೆರಳಿಟ್ಟು ತೋರಿಸಿ, ಗಂಜಿ ಎಷ್ಟು ಹೊತ್ತಿಗೊಮ್ಮೆ ಕೊಡುತ್ತೀರಿ ಎಂದು ವಿಚಾರಿಸುತ್ತಾರೆ. ಖಾಸಗಿ ಕ್ಲಿನಿಕ್ಕಿನಲ್ಲಿ ದುಡ್ಡು ಕೊಟ್ಟರೂ ಇಷ್ಟು ತಾಳ್ಮೆ ನನಗೆ ಕಂಡಿಲ್ಲ.

ಮನೆಗೆ ಕೊಡುವ ಪುಷ್ಟಿ ಪುಡಿ ಚೆನ್ನಾಗಿದೆ, ಆದರೆ ತಣ್ಣೀರಿನಲ್ಲಿ ಕದಡಿಕೊಳ್ಳದಿದ್ದರೆ ಗಂಟು ಕಟ್ಟುತ್ತದೆ. ಒಂದು ತಿಂಗಳು ಅದು ಬಂದದ್ದೇ ತಡವಾಗಿ.

ನಿಜವಾದ ಕೊರತೆ ಬೇರೆಯಿದೆ. 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಿಂದ ನಮ್ಮ ರಾಜ್ಯದಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ದಿನವೂ ಕೂತು ಕಲಿಯುವ ಅವಕಾಶ ಮೂರು ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕ ಕೂಸನ್ನು ಕೂಲಿಗೆ ಹೋಗುವ ತಾಯಿ ಎಲ್ಲಿ ಬಿಡಬೇಕು? 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ಈ ಪ್ರಶ್ನೆಗೆ ಸರಿಯಾದ ಉತ್ತರವೇ ಆಗಿದೆ, ಆದರೆ ನಮ್ಮ ಪಂಚಾಯಿತಿಗೆ ಅದಿನ್ನೂ ಬಂದಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಅರ್ಜಿ ಕೊಡಲು ಹನ್ನೊಂದು ತಾಯಂದಿರ ಸಹಿ ಪಡೆದಿದ್ದೇವೆ. ಅವರಲ್ಲಿ ನಾಲ್ವರದು ಹೆಬ್ಬೆಟ್ಟು.

ಐದರಲ್ಲಿ ನಾಲ್ಕು ಅಂಕ, ಅದರಲ್ಲಿ ಮೂರು ಕಾರ್ಯಕರ್ತೆಗೆ.