ಎರಿ ಹೊಲಕ್ಕೆ ಯಾವ ಡಿಫ್ ಲಾಕ್? ನನ್ನ ಎರಡು ಮಳೆಗಾಲದ ಅನುಭವ

ಡಿಫ್ ಲಾಕ್ ಎಂದರೆ ಒಂದು ಆಕ್ಸಲಿನ ಎರಡೂ ಗಾಲಿ ಒಟ್ಟಿಗೇ ತಿರುಗುವಂತೆ ಬಿಗಿಯುವ ಸಾಧನ. ಅಣ್ಣಿಗೇರಿ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲ ನೋಡದವರಿಗೆ ಮೊದಲು ಮಣ್ಣಿನ ವಿಷಯ ಹೇಳಬೇಕು. ಬೇಸಿಗೆಯಲ್ಲಿ ಈ ನೆಲ ಬಿರಿದು, ಬಿರುಕಿನಲ್ಲಿ ಕೈ ಇಳಿಯುತ್ತದೆ. ಒಂದು ಒಳ್ಳೆ ಮಳೆ ಬಿದ್ದರೆ ಸಾಕು, ಅದೇ ಮಣ್ಣು ಉಬ್ಬಿ ಬೆಣ್ಣೆಯಾಗುತ್ತದೆ. ಚಪ್ಪಲಿ ಹಾಕಿಕೊಂಡು ಹತ್ತು ಹೆಜ್ಜೆ ನಡೆದು ನೋಡಿ, ಕಾಲು ಎತ್ತುವುದೇ ಕಷ್ಟ. ಟೈರಿನ ಗತಿಯೂ ಅದೇ. ಹಲ್ಲುಗಳ ನಡುವೆ ಮಣ್ಣು ತುಂಬಿಕೊಂಡು ನುಣ್ಣನೆಯ ಗುಂಡು ಆಗಿಬಿಡುತ್ತದೆ.

ನನ್ನದು ಸೆಕೆಂಡ್ ಹ್ಯಾಂಡ್ ಇಸುಜು ವಿ-ಕ್ರಾಸ್, 2018ರ ಮಾಡೆಲ್, 2.5 ಲೀಟರ್ ಡೀಸೆಲ್. ಅಂಗಡಿಗೆ ಬೀಜ, ಗೊಬ್ಬರ ತರುವುದು, ಹೊಲದ ಹೆಸರುಕಾಳು, ಕಡಲೆಯನ್ನು ಹುಬ್ಬಳ್ಳಿ ಅಮರಗೋಳದ ಎಪಿಎಂಸಿಗೆ ಒಯ್ಯುವುದು, ಇಷ್ಟೇ ಅದರ ಕೆಲಸ. ಫೋರ್ ವೀಲ್ ಡ್ರೈವ್ (ನಾಲ್ಕೂ ಗಾಲಿಗೆ ಎಂಜಿನ್ ಬಲ) ಇದೆ ಎಂದೇ ತೆಗೆದುಕೊಂಡಿದ್ದೆ. ಮೊದಲ ಆಗಸ್ಟ್‌ನಲ್ಲೇ ಬೆಣ್ಣಿಹಳ್ಳದ ದಂಡೆಯ ಹೊಲದಲ್ಲಿ ಹೆಸರಿನ ಚೀಲಗಳ ಸಮೇತ ನಿಂತೆ. ಒಡ್ಡು ದಾಟುವಾಗ ಹಿಂದಿನ ಎಡಗಾಲಿ ರಾಡಿಗೆ ಇಳಿಯಿತು, ಮುಂದಿನ ಬಲಗಾಲಿ ಹಗುರಾಯಿತು. ಅವೆರಡೇ ಗರಗರ ತಿರುಗಿದವು. ಉಳಿದೆರಡು ಗಾಲಿ ಗಟ್ಟಿ ನೆಲದ ಮೇಲೆ ಸುಮ್ನೆ ನಿಂತಿದ್ದವು.

ಅಪ್ಪ ಟ್ರ್ಯಾಕ್ಟರ್ ತಂದು ಎಳೆದರು. ಹಗ್ಗ ಬಿಚ್ಚುತ್ತ ಕೇಳಿದ್ದು ಒಂದೇ ಮಾತು: "ಟ್ರ್ಯಾಕ್ಟರ್‌ನಾಗ ಹಿಮ್ಮಡಿಲೇ ಒತ್ತೋ ಲಾಕ್ ಐತಲ್ಲ. ಇಷ್ಟ ರೊಕ್ಕಾ ಕೊಟ್ಟು ತಂದಿ, ಇದರಾಗ ಇಲ್ಲೇನು?"

ಇರಲಿಲ್ಲ. ಹುಡುಕಾಟ ಶುರುವಾಗಿದ್ದು ಅಲ್ಲಿಂದ.

ಡಿಫರೆನ್ಸಿಯಲ್ ಎಂದರೆ ಆಕ್ಸಲಿನ ಎರಡು ಗಾಲಿಗೆ ಬಲ ಹಂಚುವ ಗೇರುಗಳ ಜೋಡಣೆ. ಲಾಕ್ ಇಲ್ಲದ್ದು ನಮ್ಮ ನೊಗ ಇದ್ದ ಹಾಗೆ. ಎರಡೂ ಎತ್ತಿಗೆ ಸಮ ಪಾಲು. ಒಂದು ಎತ್ತು ಮಲಗಿಬಿಟ್ಟರೆ ಇನ್ನೊಂದು ಎಷ್ಟು ಗಟ್ಟಿ ಇದ್ದರೂ ಗಳೆ ಸಾಗುವುದಿಲ್ಲ. ರಾಡಿಯಲ್ಲಿ ಜಾರುವ ಗಾಲಿಗೆ ತಿರುಗಲು ಎಷ್ಟು ಕಡಿಮೆ ಬಲ ಸಾಕೋ, ಗಟ್ಟಿ ನೆಲದ ಗಾಲಿಗೂ ಅಷ್ಟೇ ಸಿಗುತ್ತದೆ. ಫೋರ್ ವೀಲ್ ಹಾಕಿದರೆ ಮುಂದಿನ ಮತ್ತು ಹಿಂದಿನ ಆಕ್ಸಲ್ ಜೊತೆಯಾಗುತ್ತವೆ, ನಿಜ. ಆದರೆ ಒಂದೊಂದು ಆಕ್ಸಲಿನೊಳಗೆ ಇದೇ ಕಥೆ. ಹೀಗಾಗಿ ಹೆಸರಿಗೆ ನಾಲ್ಕು ಗಾಲಿ, ಕೆಲಸಕ್ಕೆ ಒಂದೂ ಇಲ್ಲ.

ಮೊದಲು ಕೇಳಿದ ಗ್ಯಾರೇಜಿನವನು "ವೆಲ್ಡಿಂಗ್ ಹೊಡೆದುಬಿಡೋಣ" ಎಂದ. ತಿರುವಿನಲ್ಲಿ ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಒಳಗಿನ ಸ್ಪೈಡರ್ ಗೇರ್‌ಗಳನ್ನೇ ಬೆಸೆದುಬಿಡುವುದು, ಶಾಶ್ವತ ಲಾಕ್. ಹೊಲ ಬಿಟ್ಟು ಹೊರಗೆ ಹೋಗದ ಗಾಡಿಗೆ ಸರಿ ಇರಬಹುದು. ನಾನು ವಾರಕ್ಕೆ ಎರಡು ಸಲ ಹುಬ್ಬಳ್ಳಿ-ಗದಗ ಹೆದ್ದಾರಿಯಲ್ಲಿ ಓಡುವವನು. ಪ್ರತಿ ತಿರುವಿನಲ್ಲಿ ಟೈರ್ ಉಜ್ಜಿಕೊಂಡು, ಆಕ್ಸಲ್ ಮೇಲೆ ಭಾರ ಬೀಳುವ ಕೆಲಸ ಯಾಕೆ ಬೇಕು? ಅಲ್ಲಿಂದ ಎದ್ದು ಬಂದೆ.

ಆಮೇಲೆ ಗದಗದ ನನ್ನ ಮಾವನ ಮಗನ ಮಹೀಂದ್ರ ಥಾರ್ ಹತ್ತಿ ನೋಡಿದೆ. ಅದರಲ್ಲಿ ಈಟನ್ ಕಂಪನಿಯ ಎಂಎಲ್‌ಡಿ (ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಸಿಯಲ್) ಇದೆ. ಬಟನ್ ಇಲ್ಲ, ಲೀವರ್ ಇಲ್ಲ. ಎರಡು ಹಿಂಗಾಲಿಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದರೆ ಒಳಗಿನ ತೂಕಗಳು ಹೊರಗೆ ಹಾರಿ ತಾನಾಗಿಯೇ ಲಾಕ್ ಬೀಳುತ್ತದೆ. ಗಂಟೆಗೆ ಸುಮಾರು 30 ಕಿಮೀ ವೇಗ ಮೀರಿದರೆ ಬೀಳುವುದಿಲ್ಲ. ಓಡಿಸುವವನಿಗೆ ತಲೆಬಿಸಿ ಇಲ್ಲ. ಗುಡ್ಡ, ಕಲ್ಲು, ಮರಳಿಗೆ ಇದು ನನಗೆ ಬಹಳ ಇಷ್ಟವಾಯಿತು. ಎರಿ ಮಣ್ಣಿಗೆ ಒಂದು ತಕರಾರು: ಲಾಕ್ ಬೀಳಬೇಕೆಂದರೆ ಮೊದಲು ಗಾಲಿ ಜಾರಲೇಬೇಕು. ನಮ್ಮ ಹೊಲದಲ್ಲಿ ಗಾಲಿ ಒಂದು ಸಲ ಗರಗರ ತಿರುಗಿತೆಂದರೆ ತನ್ನ ಗುಂಡಿ ತಾನೇ ತೋಡಿಕೊಂಡಂತೆ. ಲಾಕ್ ಬಿದ್ದ ಮೇಲೂ ಮೊದಲು ಆ ಗುಂಡಿಯಿಂದ ಮೇಲೆ ಬರಬೇಕು.

ಡೆಟ್ರಾಯಿಟ್ ಲಾಕರ್ ಇದರ ಉಲ್ಟಾ. ಅದು ಸದಾ ಲಾಕ್ ಆಗಿಯೇ ಇರುತ್ತದೆ, ತಿರುವಿನಲ್ಲಿ ಹೊರಗಿನ ಗಾಲಿ ಜೋರಾಗಿ ಓಡಿದಾಗ ಮಾತ್ರ ಆ ಕಡೆ ಬಿಡುತ್ತದೆ. ಬಿಡುವಾಗ, ಹಿಡಿಯುವಾಗ ಟಕ್ ಟಕ್ ಸದ್ದು. ಗಟ್ಟಿಮುಟ್ಟು ಸಾಮಾನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಿಕಪ್ಪಿನ ಹಿಂಭಾಗ ಖಾಲಿ ಇದ್ದಾಗ ಹಗುರ. ಮಳೆಯಲ್ಲಿ ನೆನೆದ ಡಾಂಬರಿನ ತಿರುವಿನಲ್ಲಿ ಆಕ್ಸಲರೇಟರ್ ಒತ್ತಿದರೆ ಎರಡೂ ಹಿಂಗಾಲಿ ಒಟ್ಟಿಗೆ ಜಾರಿ ಬಾಲ ಆಚೆ ತಿರುಗಬಹುದು. ಎಪಿಎಂಸಿಯಿಂದ ನಾನು ವಾಪಸ್ ಬರುವುದು ಯಾವಾಗಲೂ ಖಾಲಿ ಗಾಡಿಯಲ್ಲೇ. ಬೇಡ ಎಂದೆ. ಹಳೆಯ ಕೇಸಿನೊಳಗೇ ಸ್ಪೈಡರ್ ಗೇರ್ ತೆಗೆದು ಹಾಕುವ ಸಣ್ಣ ಲಾಕರ್‌ಗಳೂ ಸಿಗುತ್ತವೆ, ಖರ್ಚು ಕಡಿಮೆ, ಗುಣ ಹೆಚ್ಚುಕಡಿಮೆ ಇದೇ. ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಸಿಯಲ್, ಗಾಲಿ ಜಾರುವುದನ್ನು ಪೂರ್ತಿ ತಡೆಯದೆ ಕಡಿಮೆ ಮಾಡುವಂಥದ್ದು) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೆಚ್ಚಾಗಿ ಕ್ಲಚ್ ಪ್ಲೇಟಿನ ಹಿಡಿತದ ಮೇಲೆ ನಡೆಯುವುದು ಅದು, ಒಂದು ಗಾಲಿ ಪೂರ್ತಿ ಗಾಳಿಯಲ್ಲಿದ್ದರೆ ಅದರಿಂದ ದೊಡ್ಡ ಉಪಯೋಗವಿಲ್ಲ.

ಕೊನೆಗೆ ಅಪ್ಪನ ಟ್ರ್ಯಾಕ್ಟರಿನ ಬುದ್ಧಿಯೇ ಗೆದ್ದಿತು. ಬೇಕಾದಾಗ ಒತ್ತು, ಹೊರಳುವ ಮೊದಲು ಕಾಲು ತೆಗಿ. ಅಂಥದ್ದು ಎರಡು ಬಗೆ. ಒಂದು ಕರೆಂಟಿನದು, ಟೊಯೋಟಾ ಹೈಲಕ್ಸ್‌ಗೆ ಹಿಂದೆ ಕಂಪನಿಯಿಂದಲೇ ಬರುತ್ತದಲ್ಲ, ಹಾಗೆ. ಇನ್ನೊಂದು ಗಾಳಿಯದು, ಆಸ್ಟ್ರೇಲಿಯಾದ ಎಆರ್‌ಬಿ ಏರ್ ಲಾಕರ್. ಸಣ್ಣ ಕಂಪ್ರೆಸರ್ ಗಾಳಿ ಕಳಿಸುತ್ತದೆ, ಗಾಳಿ ಒಳಗಿನ ಗೇರನ್ನು ಸರಿಸಿ ಕೇಸಿಗೆ ಕಚ್ಚಿಸುತ್ತದೆ. ಸ್ವಿಚ್ ಆಫ್ ಮಾಡಿದರೆ ಮತ್ತೆ ಮಾಮೂಲಿ ಡಿಫರೆನ್ಸಿಯಲ್. ನಾನು ಗಾಳಿಯದನ್ನು ಹಿಡಿದೆ, ಅದೂ ಹಿಂದಕ್ಕೆ ಮಾತ್ರ. ಕಾರಣ ಹೇಳಲು ಸ್ವಲ್ಪ ನಾಚಿಕೆ: ದೊಡ್ಡ ಕಂಪ್ರೆಸರ್ ತೆಗೆದುಕೊಂಡರೆ ಅದರಲ್ಲೇ ಟೈರಿಗೂ ಗಾಳಿ ಹಾಕಬಹುದು. ಹೊಲಕ್ಕೆ ಇಳಿಯುವಾಗ ಟೈರಿನ ಗಾಳಿಯ ಒತ್ತಡ 20 ಪಿಎಸ್‌ಐಗೆ ಇಳಿಸುತ್ತೇನೆ, ರಸ್ತೆಗೆ ಬಂದ ಮೇಲೆ ಮತ್ತೆ ತುಂಬುತ್ತೇನೆ. ಮುಂದಕ್ಕೂ ಒಂದು ಹಾಕಿಸಿ ಎಂದು ಮಾರುವವರು ಹೇಳುತ್ತಾರೆ. ಮುಂದೆ ಲಾಕ್ ಬಿದ್ದರೆ ಸ್ಟೀರಿಂಗ್ ಕಲ್ಲಾಗುತ್ತದೆ, ಮುಂಗಾಲಿ ತಿರುಗಿದಾಗಲೂ ಅದಕ್ಕೆ ಬಲ ಮುಟ್ಟಿಸುವ ಸಿವಿ ಜಾಯಿಂಟ್ ಮೇಲೂ ಭಾರ. ಚೀಲ ಹೇರುವ ಗಾಡಿಯಲ್ಲಿ ಭಾರವೆಲ್ಲ ಹಿಂದೆಯೇ ಇರುತ್ತದೆ, ಹಿಡಿತವೂ ಅಲ್ಲೇ ಬೇಕು.

ಕೂರಿಸಿದ್ದು ಹುಬ್ಬಳ್ಳಿ ಗೋಕುಲ ರಸ್ತೆ ಕಡೆಯ ಗ್ಯಾರೇಜೊಂದರಲ್ಲಿ. ಮಿಸ್ತ್ರಿ ಮೊದಲ ದಿನ ಮುಂಗಡ ಮುಟ್ಟಲಿಲ್ಲ. ಆಕ್ಸಲ್ ಶಾಫ್ಟ್ ಎಳೆದು ತುದಿಯ ಗೀರು ಎಣಿಸಿದ. "ಹಲ್ಲು ಎಣಿಸದ ನಾ ಆರ್ಡರ್ ಹಾಕಂಗಿಲ್ರಿ ಅಣ್ಣಾರ. ಒಂದ್ ಹಲ್ಲು ಹೆಚ್ಚುಕಡಿಮಿ ಆದ್ರ ಈ ಸಾಮಾನು ನಿಮ್ಮನ್ಯಾಗ ಶೋಕೇಸ್‌ಗೆ ಇಡಬೇಕಾಕ್ಕತಿ." ಆ ಮಾತಿಗೇ ನಂಬಿಕೆ ಬಂತು. ಸಾಮಾನು ಬಂದ ಮೇಲೆ ಎರಡು ದಿನ ಹಿಡಿಯಿತು. ಕ್ರೌನ್ ವೀಲನ್ನು (ಡಿಫರೆನ್ಸಿಯಲಿನ ದೊಡ್ಡ ಹಲ್ಲಿನ ಚಕ್ರ) ಹೊಸ ಕೇಸಿಗೆ ಬದಲಿಸಿ, ಶಿಮ್ (ಸಂದು ಹೊಂದಿಸುವ ತೆಳು ಬಿಲ್ಲೆ) ಹಾಕಿ ತೆಗೆದು, ಹಲ್ಲಿಗೆ ಬಣ್ಣ ಬಳಿದು ಎಲ್ಲಿ ಕಚ್ಚುತ್ತದೆ ಎಂದು ಮೂರು ಸಲ ನೋಡಿದ. ಇಲ್ಲಿ ಅವಸರ ಮಾಡಿದರೆ ಓಡುವಾಗ ಹಿಂದಿನಿಂದ ಕುಂಯ್ ಎನ್ನುವ ಸದ್ದು ಬರುತ್ತದೆ, ಆಮೇಲೆ ಗೇರ್ ತಿಂದುಹೋಗುತ್ತದೆ. ಎಲ್ಲ ಸೇರಿ ಒಂದೂವರೆ ಲಕ್ಷ ದಾಟಿತು. ಮನೆಯಲ್ಲಿ ಹೇಳಿದ ಲೆಕ್ಕ ಬೇರೆ.

ಕೆಲಸ ಹೇಗಿದೆ? ಮುಂದಿನ ಆಗಸ್ಟ್‌ನಲ್ಲಿ ಅದೇ ಒಡ್ಡು, ಹೆಚ್ಚುಕಡಿಮೆ ಅಷ್ಟೇ ಚೀಲ. ರಾಡಿ ಸಿಗುವ ಮೊದಲೇ ಸ್ವಿಚ್ ಒತ್ತಿದೆ, ಫೋರ್ ಲೋ (ನಾಲ್ಕೂ ಗಾಲಿಗೆ ನಿಧಾನ, ಹೆಚ್ಚು ಬಲ), ಎರಡನೇ ಗೇರ್, ಸ್ಟೀರಿಂಗ್ ನೇರ. ಗಾಡಿ ಒಂದು ಸಲ ಅಲ್ಲಾಡಿ, ಎತ್ತು ಏರಿ ಹತ್ತಿದ ಹಾಗೆ ಮೆಲ್ಲಗೆ ಹತ್ತಿತು. ಅಪ್ಪ ಆಗಾಗ ಓಡಿಸುತ್ತಾರೆ. ಗಾಲಿ ಜಾರಿದರೆ ಅವರ ಹಿಮ್ಮಡಿ ಇವತ್ತಿಗೂ ನೆಲದಲ್ಲಿ ಪೆಡಲ್ ತಡಕಾಡುತ್ತದೆ, ಸ್ವಿಚ್ ನೆನಪಾಗುವುದು ಆಮೇಲೆ.

ಹಾಗಂತ ಇದು ಮಂತ್ರದಂಡ ಅಲ್ಲ. ಸವೆದ ರಸ್ತೆ ಟೈರಿಗೆ ಲಾಕ್ ಹಾಕಿಸಿದರೆ ಒಂದು ಗಾಲಿ ಜಾರುವ ಕಡೆ ಎರಡು ಜಾರುತ್ತವೆ, ಅಷ್ಟೇ. ರೊಕ್ಕ ಒಂದಕ್ಕೇ ಇದ್ದರೆ ಮೊದಲು ದೊಡ್ಡ ಹಲ್ಲಿನ ಮಡ್ ಟೈರ್ ಹಾಕಿಸಿ. ಗಾಡಿಯ ಹೊಟ್ಟೆ ಮಣ್ಣಿಗೆ ತಾಗಿ ಕುಳಿತರೂ ಲಾಕ್ ಏನೂ ಮಾಡಲಾರದು. ಕಳೆದ ವರ್ಷ ಒಮ್ಮೆ ಹಾಗಾಗಿ ಮತ್ತೆ ಟ್ರ್ಯಾಕ್ಟರ್ ಬಂತು. ಅಪ್ಪ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಆಯಿತು. ಡಿಫರೆನ್ಸಿಯಲಿನ ಗಾಳಿಕಿಂಡಿ, ಅಂದರೆ ಬ್ರೀದರ್‌ನಿಂದ ಎಣ್ಣೆ ಹೊರಗೆ ಬರುತ್ತಿದೆಯಾ ಅಂತಲೂ ಆಗಾಗ ನೋಡುತ್ತಿರಬೇಕು. ಬಂದರೆ ಒಳಗಿನ ಸೀಲಿನಿಂದ ಗಾಳಿ ಸೋರಿ ಎಣ್ಣೆಯನ್ನು ತಳ್ಳುತ್ತಿರಬಹುದು.

ಗ್ಯಾರೇಜಿನ ಮೇಲೆ ನನ್ನ ತಕರಾರು ಒಂದೇ. ಆಕ್ಸಲಿಗೆ ಹೋಗುವ ಸಣ್ಣ ಗಾಳಿ ನಳಿಯನ್ನು ಕೆಳಗೆ ಜೋತು ಬೀಳುವಂತೆ ಕಟ್ಟಿದ್ದರು. ಹತ್ತಿ ಹೊಲದಲ್ಲಿ ಒಣಗಿದ ಕಟಿಗಿ ಸಿಕ್ಕಿ ಅದು ಹರಿಯಿತು. ಕೇಳಿದ್ದಕ್ಕೆ ದುಡ್ಡಿಲ್ಲದೆ ಬದಲಿಸಿ ಕೊಟ್ಟರು, ಆದರೆ ಕಟ್ಟಿದ್ದು ಮತ್ತೆ ಅದೇ ಜಾಗದಲ್ಲಿ. ಮನೆಗೆ ಬಂದು ನಾನೇ ಬಿಚ್ಚಿದೆ. ಹಳೆಯ ಡ್ರಿಪ್ ಪೈಪನ್ನು ಉದ್ದಕ್ಕೆ ಸೀಳಿ ಅದರೊಳಗೆ ನಳಿ ಇಟ್ಟು, ಆಕ್ಸಲಿನ ಮೇಲ್ಭಾಗಕ್ಕೆ ಬಿಗಿದು ಕಟ್ಟಿದೆ. ಅದಾದ ಮೇಲೆ ಹತ್ತಿ, ಮೆಣಸಿನಕಾಯಿ, ಕಡಲೆ ಹೊಲ ಎಲ್ಲ ತಿರುಗಿದ್ದೇನೆ, ಇನ್ನೂ ಹರಿದಿಲ್ಲ.