ಹತ್ತು ಲಕ್ಷದ ಐದು ರೂಪಾಯಿ: ನಾನು ಬಿದ್ದ ಗುಂಡಿಗೆ ನೀವು ಬೀಳಬೇಡಿ

ಹಳೆಯ ನಾಣ್ಯಕ್ಕೆ ಐದು ಲಕ್ಷ, ಹತ್ತು ಲಕ್ಷ ಎಂದು ಬೆಲೆ ಕಟ್ಟಿ ಆನ್‌ಲೈನ್‌ನಲ್ಲಿ ಹಾಕಿರುವ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. ಕೊಳ್ಳುವ ಹುಚ್ಚರು ಯಾರಿದ್ದಾರೆ ಎಂದು ನಕ್ಕು ಮುಂದೆ ಹೋಗಿರುತ್ತೀರಿ. ಕೊಳ್ಳುವವರಿಗಾಗಿ ಆ ಬೆಲೆಯನ್ನು ಬರೆದೇ ಇಲ್ಲ, ಅಂಥದ್ದೇ ನಾಣ್ಯವನ್ನು ಮನೆಯಲ್ಲಿಟ್ಟುಕೊಂಡಿರುವ ನನ್ನಂಥವರಿಗಾಗಿ ಬರೆದಿದ್ದಾರೆ. ಇಷ್ಟು ತಿಳಿಯಲು ನಾನು 22,649 ರೂಪಾಯಿ ತೆತ್ತಿದ್ದೇನೆ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ದಾರಿಯಲ್ಲಿ ಸಿಕ್ಕವರು ಈಗಲೂ ‘ಮೇಷ್ಟ್ರೇ’ ಎಂದು ನಿಂತು ಮಾತನಾಡಿಸುತ್ತಾರೆ. ಆದ್ದರಿಂದ ಹೆಸರನ್ನೂ ಊರನ್ನೂ ಬರೆಯುತ್ತಿಲ್ಲ, ಕ್ಷಮಿಸಿ.

ನನ್ನ ತಾಯಿ ತೀರಿಕೊಂಡ ಮೇಲೆ ಅಟ್ಟದಿಂದ ಅವರ ಹಿತ್ತಾಳೆ ಡಬ್ಬಿಯನ್ನು ಇಳಿಸಿದೆವು. ಕಮಲದ ಚಿತ್ರದ ಇಪ್ಪತ್ತು ಪೈಸೆಗಳು, ಘೇಂಡಾಮೃಗದ ಇಪ್ಪತ್ತೈದು ಪೈಸೆಗಳು, ‘ಮಯಿಲಿ ಕಾಸು’ ಎಂದು ಕನ್ನಡದಲ್ಲೇ ಅಚ್ಚಾಗಿರುವ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಎರಡು ತಾಮ್ರದ ಕಾಸುಗಳು, ಇವುಗಳ ನಡುವೆ ವೈಷ್ಣೋದೇವಿಯ ಚಿತ್ರವಿರುವ, 2012ರ ಒಂದು ಐದು ರೂಪಾಯಿ. ದೇವರ ಚಿತ್ರವೆಂದು ಖರ್ಚು ಮಾಡದೆ ಎತ್ತಿಟ್ಟಿದ್ದರು. ಮೊಮ್ಮಗ ಮೊಬೈಲಿನಲ್ಲಿ ಹುಡುಕಿ, ‘ತಾತ, ಇದು ಹತ್ತು ಲಕ್ಷಕ್ಕೆ ಇದೆ’ ಎಂದ. ಅದರ ಕೆಳಗೆ ಏಳು ಲಕ್ಷದ್ದು, ಅದರ ಕೆಳಗೆ ಹನ್ನೆರಡು ಲಕ್ಷದ್ದು. ಇಷ್ಟು ಜನ ಇಷ್ಟು ಬೆಲೆ ಹೇಳುತ್ತಿರುವಾಗ ಅರ್ಧವಾದರೂ ನಿಜವಿರಬೇಕು ಎಂದುಕೊಂಡೆ. ಹೇಳಿದ ಬೆಲೆ ಬೇರೆ, ಹುಟ್ಟಿದ ಬೆಲೆ ಬೇರೆ ಎಂಬುದು ಸಂತೆಯಲ್ಲಿ ಸೊಪ್ಪು ಕೊಳ್ಳುವವರಿಗೂ ಗೊತ್ತು. ನನಗೂ ಗೊತ್ತಿತ್ತು. ಆ ದಿನ ಗೊತ್ತಿರಲಿಲ್ಲ, ಅಷ್ಟೆ.

ಹುಣಸೆಹಣ್ಣು ಹಾಕಿ ನಾಣ್ಯಗಳನ್ನೆಲ್ಲ ಫಳಫಳ ತಿಕ್ಕಿ, ಊಟದ ಮೇಜಿನ ನೀಲಿ ಚೌಕಳಿ ಬಟ್ಟೆಯ ಮೇಲಿಟ್ಟು ಫೋಟೊ ತೆಗೆದು, ದೂರವಾಣಿ ಸಂಖ್ಯೆ ಸಹಿತ ಜಾಹೀರಾತು ಹಾಕಿದೆವು. ಅರ್ಧ ಗಂಟೆಯೂ ಆಗಿರಲಿಲ್ಲ, ಕರೆ ಬಂತು. ಆತನ ಕನ್ನಡ ಅಚ್ಚುಕಟ್ಟಾಗಿತ್ತು, ನಮ್ಮ ಕಡೆಯದೇ ಕನ್ನಡ. ತಾನು ದೊಡ್ಡ ಸಂಗ್ರಾಹಕರೊಬ್ಬರ ಪ್ರತಿನಿಧಿಯೆಂದೂ, ಒಂಬತ್ತೂವರೆ ಲಕ್ಷಕ್ಕೆ ಒಪ್ಪಿಗೆಯೆಂದೂ ಹೇಳಿದ. ನಾನು ಮೇಷ್ಟ್ರೆಂದು ತಿಳಿದ ಮೇಲಂತೂ ‘ಗುರುಗಳೇ’ ಎನ್ನದೆ ಮಾತೇ ಆಡಲಿಲ್ಲ. ‘ಗುರುಗಳೇ, ನಿಮ್ಮಂಥವರ ಕೈಯಲ್ಲಿ ಕಲಿತವರು ನಾವು, ನಿಮಗೆ ಮೋಸ ಮಾಡಿದರೆ ನಮಗೆ ಒಳ್ಳೆಯದಾಗುತ್ತದೆಯೇ?’ ಈ ವಾಕ್ಯವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮೊದಲು ನೋಂದಣಿ ಶುಲ್ಕವೆಂದು 1,150 ರೂಪಾಯಿ ಹಾಕಿಸಿಕೊಂಡ. ಮರುದಿನ ರಿಸರ್ವ್ ಬ್ಯಾಂಕಿನ ಅನುಮತಿ ಪತ್ರಕ್ಕೆಂದು 6,500. ಆ ಪತ್ರ ವಾಟ್ಸ್‌ಆ್ಯಪ್‌ನಲ್ಲಿ ಬಂತು, ಮೇಲೆ ಲಾಂಛನ, ಕೆಳಗೆ ದುಂಡು ಮೊಹರು, ನಡುವೆ ನನ್ನ ಹೆಸರು. ತಲೆಬರಹದಲ್ಲಿ ‘ರಿಜರ್ವ ಬ್ಯಾಂಕ ಆಫ ಇಂಡಿಯಾ’ ಎಂದಿತ್ತು, ಅದರ ಕೆಳಗೆ ‘ಪ್ರಾಮಾಣ ಪತ್ರ’ ಎಂದಿತ್ತು. ಮೂವತ್ತೊಂದು ವರ್ಷ ಕೆಂಪು ಶಾಯಿಯ ಪೆನ್ನು ಹಿಡಿದವನ ಕಣ್ಣಿಗೆ ಆ ತಪ್ಪುಗಳು ಕಾಣಲಿಲ್ಲವೆಂದಲ್ಲ, ಕಂಡವು. ದೆಹಲಿಯಿಂದ ಬರುವ ಕನ್ನಡವೆಲ್ಲ ಹೀಗೇ ಇರುತ್ತದಲ್ಲ ಎಂದು ನಾನೇ ಅವನ ಪರವಾಗಿ ಸಮಾಧಾನ ಹೇಳಿಕೊಂಡೆ. ದುಡ್ಡು ಹೋದದ್ದಕ್ಕಿಂತ ಈ ಸಮಾಧಾನವೇ ನನ್ನನ್ನು ಹೆಚ್ಚು ಚುಚ್ಚುತ್ತಿದೆ.

ಮೂರನೆಯ ದಿನ ಜಿಎಸ್‌ಟಿ ಎಂದು 14,999. ಅದನ್ನೂ ಹಾಕಿದೆ. ನಾಲ್ಕನೆಯ ದಿನ, ಹಣ ಹೊತ್ತ ವಾಹನ ತುಮಕೂರು ದಾಟಿದೆ, ವಿಮೆಗೆಂದು 35,000 ಕಟ್ಟಿದರೆ ಸಂಜೆಯೊಳಗೆ ಮನೆ ಬಾಗಿಲಿಗೆ ಬರುತ್ತದೆ ಎಂದಾಗ ಮಾತ್ರ, ನನಗೆ ಬರಬೇಕಾದ ಒಂಬತ್ತೂವರೆ ಲಕ್ಷದಲ್ಲೇ ಅದನ್ನು ಹಿಡಿದುಕೊಂಡು ಉಳಿದದ್ದನ್ನು ಕೊಡಿ ಎಂದೆ. ‘ಗುರುಗಳೇ, ಸರ್ಕಾರದ ದುಡ್ಡಿನಲ್ಲಿ ಹಾಗೆ ಹಿಡಿದುಕೊಳ್ಳಲು ಬರುವುದಿಲ್ಲ, ನಿಮಗೆ ತಿಳಿಯದ್ದೇ?’ ಎಂದ. ಕೊಳ್ಳುವವನು ಸಂಗ್ರಾಹಕನಾದರೆ ದುಡ್ಡು ಸರ್ಕಾರದ್ದು ಹೇಗಾಯಿತು ಎಂದು ಕೇಳಿದೆ. ಎರಡು ಕ್ಷಣ ಸುಮ್ಮನಿದ್ದ. ಆಮೇಲೆ ಗುರುಗಳೂ ಇಲ್ಲ, ಬಹುವಚನವೂ ಇಲ್ಲ. ‘ಪುರಾತನ ವಸ್ತು ಮನೆಯಲ್ಲಿಟ್ಟುಕೊಂಡಿದ್ದೀಯ, ಕೇಸು ಹಾಕಿಸುತ್ತೇನೆ’ ಎಂದ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನಾಣ್ಯ ಪುರಾತನವೆನಿಸಿಕೊಳ್ಳಲು ನೂರು ವರ್ಷವಾದರೂ ಆಗಿರಬೇಕು. ಅವನು ಕೊಳ್ಳುತ್ತೇನೆಂದ ಐದು ರೂಪಾಯಿ ನನ್ನ ಮೊಮ್ಮಗನಿಗಿಂತ ಚಿಕ್ಕದು. ಆದರೆ ಆ ರಾತ್ರಿ ನಾನು ನಿಜವಾಗಿಯೂ ಹೆದರಿದ್ದೆ.

ಮರುದಿನ ಹಠ ಹಿಡಿದು, ಮೊದಲು ನೋಡಿದ್ದ ಆ ಹತ್ತು ಲಕ್ಷದ ಜಾಹೀರಾತಿಗೆ ಮೊಮ್ಮಗನ ಸಂಖ್ಯೆಯಿಂದ ಸಂದೇಶ ಕಳುಹಿಸಿದೆ. ‘ನಿಮ್ಮ ನಾಣ್ಯವನ್ನು ಹೇಳಿದ ಬೆಲೆಗೇ ಕೊಳ್ಳುತ್ತೇನೆ, ಎಲ್ಲಿಗೆ ಬರಲಿ?’ ಎಂದು ಬರೆದೆ. ಹತ್ತು ಲಕ್ಷಕ್ಕೆ ಗಿರಾಕಿ ಸಿಕ್ಕಿದರೆ ಯಾರಾದರೂ ಏನು ಮಾಡುತ್ತಾರೆ? ವಿಳಾಸ ಕೊಡುತ್ತಾರೆ, ಕುಣಿದಾಡುತ್ತಾರೆ. ಬಂದ ಉತ್ತರ ಇದು: ‘ನಿಮ್ಮ ಹತ್ತಿರವೂ ಅಂಥ ನಾಣ್ಯ ಇದೆಯಾ ಸರ್? ಇದ್ದರೆ ಫೋಟೊ ಕಳುಹಿಸಿ, ನಾವೇ ಮಾರಿಸಿಕೊಡುತ್ತೇವೆ.’ ನನಗೆ ಕೊಳ್ಳಬೇಕಾಗಿದೆ ಎಂದು ಮತ್ತೆ ಬರೆದೆ. ಮತ್ತೆ ಅದೇ ಪ್ರಶ್ನೆ. ಮೂರನೆಯ ಸಲ ಬರೆದಾಗ ಸಂಖ್ಯೆಯನ್ನೇ ಬ್ಲಾಕ್ ಮಾಡಿದರು. ಆಗ ಹಿಂದಿನ ಜಾಹೀರಾತುಗಳನ್ನೆಲ್ಲ ಕನ್ನಡಕ ಒರೆಸಿಕೊಂಡು ನೋಡಿದೆ. ನಾಣ್ಯ ಹಿಡಿದ ಹೆಬ್ಬೆರಳಿನ ಉಗುರು ಪೆಟ್ಟು ಬಿದ್ದು ಕಪ್ಪಾಗಿತ್ತು. ಏಳು ಲಕ್ಷದ ಜೈಪುರದ ಜಾಹೀರಾತಿನಲ್ಲೂ ಅದೇ ಉಗುರು, ಹನ್ನೆರಡು ಲಕ್ಷದ ಪಾಟ್ನಾದಲ್ಲೂ ಅದೇ ಉಗುರು, ಹತ್ತು ಲಕ್ಷದ ಹುಬ್ಬಳ್ಳಿಯಲ್ಲೂ ಅದೇ ಉಗುರು.

ಮನಸ್ಸು ತಡೆಯದೆ ಬೆಂಗಳೂರಿಗೆ ಹೋಗಿ ಚಿಕ್ಕಪೇಟೆಯ ಕಡೆಯ ಹಳೆಯ ನಾಣ್ಯ ವ್ಯಾಪಾರಿಯೊಬ್ಬರ ಮುಂದೆ ಡಬ್ಬಿ ಸುರಿದೆ. ವೈಷ್ಣೋದೇವಿಯನ್ನು ತಿರುಗಿಸಿ ನೋಡಿ, ‘ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳಿ ಸಾರ್’ ಎಂದರು. ಇದು ದೇವಸ್ಥಾನ ಮಂಡಳಿಯ ರಜತ ಮಹೋತ್ಸವಕ್ಕೆ ಹೊರಬಂದ, ಇವತ್ತಿಗೂ ಚಲಾವಣೆಯಲ್ಲಿರುವ ನಾಣ್ಯ. ದೇಶದ ತುಂಬ ಇವೆಯಂತೆ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ, ಆದರೆ ಚಲಾವಣೆ ನಿಂತ ಮಾತ್ರಕ್ಕೆ ಅಪರೂಪವಾಗುವುದಿಲ್ಲ. ಆರನೆಯ ಜಾರ್ಜ್ ಚಿತ್ರದ 1939ರ ಒಂದು ರೂಪಾಯಿ ನಿಜವಾಗಿಯೂ ಅಪರೂಪ, ಅದಕ್ಕೇ ಅದರ ನಕಲುಗಳೂ ಇವೆ. ರಾಮ, ಸೀತೆ, ಹನುಮಂತರ ಚಿತ್ರದ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂಬ ನಾಣ್ಯವನ್ನಂತೂ ಕಂಪನಿ ಅಚ್ಚು ಹಾಕಿಸಿದ್ದೇ ಇಲ್ಲ, ಅದಕ್ಕೂ ಲಕ್ಷಗಟ್ಟಲೆ ಬೆಲೆ ಹೇಳುವವರಿದ್ದಾರೆ.

ಹಾಗಾದರೆ ಮೋಸಗಾರರಲ್ಲದವರೂ ಯಾಕೆ ಹೀಗೆ ಬೆಲೆ ಹಾಕುತ್ತಾರೆ ಎಂದು ಕೇಳಿದೆ. ‘ಬೆಲೆ ಬರೆಯಲು ಕಾಸು ಕೊಡಬೇಕೇ? ನಿಮ್ಮ ಹಾಗೆಯೇ ಒಬ್ಬರನ್ನು ನೋಡಿ ಇನ್ನೊಬ್ಬರು ಬರೆಯುತ್ತಾರೆ’ ಎಂದು ನಕ್ಕರು. ಮಾರಾಟವಾದದ್ದು ಪಟ್ಟಿಯಿಂದ ಹೋಗುತ್ತದೆ, ಯಾರೂ ಕೊಳ್ಳದ ಬೆಲೆಯೇ ವರ್ಷಗಟ್ಟಲೆ ಕಣ್ಣಿಗೆ ಬೀಳುತ್ತಿರುತ್ತದೆ. ನಿಜವಾದ ಬೆಲೆ ತಿಳಿಯಬೇಕಾದರೆ ನಾಣ್ಯ ಹರಾಜುಗಳಲ್ಲಿ ಕೊನೆಗೆ ಎಷ್ಟಕ್ಕೆ ಹೋಯಿತೆಂದು ನೋಡಬೇಕಂತೆ. ಕೊನೆಯಲ್ಲಿ ಮೈಸೂರಿನ ಎರಡು ಕಾಸುಗಳನ್ನು ಬೆಳಕಿಗೆ ಹಿಡಿದು, ಯಾರು ತಿಕ್ಕಿದ್ದು ಎಂದು ಕೇಳಿದರು. ತಾಮ್ರದ ಮೇಲಿನ ಹಳೆಯ ಬಣ್ಣವೇ ಅದರ ಬೆಲೆ, ಅದನ್ನು ಹುಣಸೆಹಣ್ಣಿನಿಂದ ತೊಳೆದು ಬಿಟ್ಟಿದ್ದೀರಲ್ಲ ಎಂದರು. ಡಬ್ಬಿಯಲ್ಲಿ ನಾಲ್ಕು ಕಾಸು ಬಾಳುತ್ತಿದ್ದದ್ದು ಅವೆರಡೇ.

ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ತನ್ನ ಹೆಸರು ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದೇ ಪ್ರಕಟಣೆ ಹೊರಡಿಸಿತ್ತು. ನಾನು ಓದಿದ್ದು ದುಡ್ಡು ಹೋದ ಮೇಲೆ. ಮಾರುವವನ ಕೈಯಿಂದ ದುಡ್ಡು ಬಿಚ್ಚಿಸುವವನು ಗಿರಾಕಿಯಲ್ಲ, ಮೊದಲ ರೂಪಾಯಿ ಕೇಳಿದಾಗಲೇ ಫೋನ್ ಇಡಿ. ಹಾಕಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾನು ಮರ್ಯಾದೆಗೆ ಅಂಜಿ ಐದು ದಿನ ಕಳೆದು ಹೋದೆ, ಅಷ್ಟರಲ್ಲಿ ಹಣ ಯಾವ ಯಾವ ಖಾತೆಗಳನ್ನೋ ದಾಟಿತ್ತು.

ಇದನ್ನು ಬರೆಯದೆ ಸುಮ್ಮನಿರೋಣವೆಂದಿದ್ದೆ. ಮೊನ್ನೆ ಮೊಮ್ಮಗ ಮತ್ತೊಂದು ಜಾಹೀರಾತು ತೋರಿಸಿದ: ಲಖನೌ, ಹದಿನೈದು ಲಕ್ಷ, ನಾಣ್ಯದ ಕೆಳಗೆ ನಮ್ಮ ಮನೆಯ ನೀಲಿ ಚೌಕಳಿ ಬಟ್ಟೆ, ಅದರ ಅಂಚಿನಲ್ಲಿ ಸಾರಿನ ಕಲೆ. ದೂರು ಕೊಟ್ಟಿದ್ದೇವೆ, ಇನ್ನೂ ತೆಗೆದಿಲ್ಲ. ಆ ಬಟ್ಟೆಯ ಮೇಲಿನ ನಾಣ್ಯ ನಿಮ್ಮ ಕಣ್ಣಿಗೆ ಬಿದ್ದರೆ ತಿಳಿದಿರಲಿ, ಅದು ನನ್ನ ತಾಯಿಯದು, ನಮ್ಮ ದೇವರ ತಟ್ಟೆಯಲ್ಲಿದೆ.