ಸಿನಿಮಾ ಕ್ಯಾಮೆರಾಕ್ಕೆ ಯಾವ ತಂಪು ಕನ್ನಡಕ?

ಹೊಸ ಸಿನಿಮಾ ಕ್ಯಾಮೆರಾ ಹಿಡಿದು ಮೊದಲ ಸಲ ನಡು ಮಧ್ಯಾಹ್ನ ಹೊರಗೆ ಬಂದಾಗ ಮಾನಿಟರ್ ತುಂಬ ಬರೀ ಬಿಳಿ. ಕ್ಯಾಮೆರಾ ಕೆಟ್ಟಿದೆಯೇನೋ ಅಂದುಕೊಂಡೆ. ಕೆಟ್ಟಿರಲಿಲ್ಲ, ನಾನು ಲೆಕ್ಕ ಹಾಕಿರಲಿಲ್ಲ ಅಷ್ಟೆ.

ಲೆಕ್ಕ ಇಷ್ಟು. ಸೆಕೆಂಡಿಗೆ 24 ಫ್ರೇಮು, ಶಟರ್ ಕೋನ 180 ಡಿಗ್ರಿ (ಫ್ರೇಮಿನ ಅರ್ಧ ಹೊತ್ತು ಶಟರ್ ತೆರೆದಿರುತ್ತದೆ) ಅಂದರೆ ಪ್ರತಿ ಫ್ರೇಮಿಗೂ ಸೆಕೆಂಡಿನ 48ನೇ ಒಂದು ಭಾಗ ಬೆಳಕು ಬೀಳುತ್ತದೆ. ಬಹಳಷ್ಟು ಸಿನಿಮಾ ಕ್ಯಾಮೆರಾಗಳಲ್ಲಿ, ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಎಂದು ಹೇಳುವ ಮೂಲ ಐಎಸ್‌ಓ 800ರ ಆಸುಪಾಸು. ಫೋಟೋ ತೆಗೆಯುವವರ ಹಳೆಯ ಸೂತ್ರದಂತೆ, ಚುರುಕು ಬಿಸಿಲಿನಲ್ಲಿ ಐಎಸ್‌ಓ 800 ಇದ್ದರೆ ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಫ್ 16ರಲ್ಲಿ ಇಟ್ಟು ಶಟರ್ 1/800 ಬೇಕು. ನಾವು 1/48ಕ್ಕೆ ಕಟ್ಟಿಬಿದ್ದವರು, ಹಾಗಾಗಿ ಅಲ್ಲೇ 4 ಸ್ಟಾಪ್ ಹೆಚ್ಚಾಯಿತು (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು ಅಥವಾ ಅರ್ಧ). ಹಿನ್ನೆಲೆ ಮಸುಕಾಗಲಿ ಎಂದು ಎಫ್ 2.8ಕ್ಕೆ ತೆರೆದರೆ ಇನ್ನೂ 5. ಒಟ್ಟು 9 ಸ್ಟಾಪ್. ಬಂದ ಬೆಳಕಿನಲ್ಲಿ 512ನೇ ಒಂದು ಪಾಲನ್ನು ಮಾತ್ರ ಒಳಗೆ ಬಿಡಬೇಕು.

ಬೆಳಕು ತಡೆಯುವ ಬೂದು ಗಾಜು, ಅಂದರೆ ಎನ್‌ಡಿ ಫಿಲ್ಟರ್, ಇಲ್ಲದೆ ಇದನ್ನು ನಿಭಾಯಿಸಲು ನಾನೂ ಹೊರಟವನೇ. ಶಟರ್ ವೇಗ ಹೆಚ್ಚಿಸಿದೆ. ನಡೆಯುವವನ ಕೈಕಾಲು ತುಂಡುತುಂಡಾಗಿ ಜಿಗಿಯತೊಡಗಿದವು. ಅಪರ್ಚರ್ ಮುಚ್ಚಿದೆ; ಚಿತ್ರ ಮೆತ್ತಗಾಯಿತು, ಸೆನ್ಸರ್ ಮೇಲಿನ ಧೂಳಿನ ಕಣವೆಲ್ಲ ಚುಕ್ಕಿಯಾಗಿ ಎದ್ದು ಕಂಡಿತು. ಐಎಸ್‌ಓ 200ಕ್ಕೆ ಇಳಿಸಿದ್ದು ಮಾತ್ರ ನಿಜವಾದ ಮೋಸ. ರಾ ಅಥವಾ ಲಾಗ್‌ನಲ್ಲಿ (ಆಮೇಲೆ ಬಣ್ಣ ತಿದ್ದಲು ವಿವರ ಉಳಿಸುವ ರೂಪಗಳು) ಚಿತ್ರೀಕರಿಸುವಾಗ ಐಎಸ್‌ಓ ಇಳಿಸಿದ ಮಾತ್ರಕ್ಕೆ ಸೆನ್ಸರಿಗೆ ಬೀಳುವ ಬೆಳಕು ಕಡಿಮೆಯಾಗುವುದಿಲ್ಲ. ಮಾನಿಟರ್ ಕತ್ತಲಾಗಿ ಕಾಣುತ್ತದೆ, ನಾವು ಸಮಾಧಾನದಿಂದ 2 ಸ್ಟಾಪ್ ಹೆಚ್ಚು ಬೆಳಕು ಬಿಡುತ್ತೇವೆ, ಹೆಚ್ಚು ಬೆಳಕಿನ ಭಾಗಗಳ ವಿವರಕ್ಕಿದ್ದ ಜಾಗವನ್ನು ಅಷ್ಟೇ ಕಳೆದುಕೊಳ್ಳುತ್ತೇವೆ. ಮೋಡದ ವಿವರ ಹೋದದ್ದು ಎಡಿಟ್ ಟೇಬಲ್ ಮುಂದೆ ಕೂತಾಗಲೇ ಗೊತ್ತಾಗಿದ್ದು.

ಹಾಗಾಗಿ ಎನ್‌ಡಿ ಫಿಲ್ಟರ್ ಬೇಕೇ ಬೇಕು. ಯಾವುದು ಅನ್ನುವುದಕ್ಕೆ ನಾಲ್ಕು ಬಗೆಯನ್ನೂ ಒಂದೇ ಬಿಸಿಲಿನಲ್ಲಿ ಹಾಕಿ ನೋಡಿದೆ: ತಿರುಗಿಸುವ ವೇರಿಯಬಲ್ ಎನ್‌ಡಿ, ಲೆನ್ಸ್ ಬಾಯಿಗೆ ತಿರುಪಿ ಕೂರಿಸುವ ಸ್ಥಿರ ಎನ್‌ಡಿ, ಮ್ಯಾಟ್ ಬಾಕ್ಸ್‌ಗೆ (ಲೆನ್ಸ್ ಮುಂದೆ ಕಟ್ಟುವ ಚೌಕಟ್ಟು) ಇಳಿಬಿಡುವ ಆಯತಾಕಾರದ ಗಾಜು, ಮತ್ತು ಎರವಲು ತಂದ ಕ್ಯಾಮೆರಾವೊಂದರ ಹೊಟ್ಟೆಯೊಳಗೇ ಇದ್ದ ಎನ್‌ಡಿ. ಲೆನ್ಸ್ ಎರಡೇ, 24 ಎಂಎಂ ಮತ್ತು 50 ಎಂಎಂ. ಎದುರಿಗೆ ಗೆಳೆಯನೊಬ್ಬ, ಅವನ ಪಕ್ಕ ಹೊಳಪೆಲೆಯ ಗಿಡ, ಒಂದು ಬಕೆಟ್ ನೀರು, ಹಗ್ಗದ ಮೇಲೆ ನಾಲ್ಕು ಬೇರೆ ಬೇರೆ ಕಪ್ಪು ಬಟ್ಟೆ. ಬಟ್ಟೆ ಯಾಕೆ ಅಂತ ಗೆಳೆಯ ಕೇಳಿದ. ಆಮೇಲೆ ಗೊತ್ತಾಗುತ್ತದೆ ಅಂದೆ. ನನಗೂ ಅದು ಓದಿ ಮಾತ್ರ ಗೊತ್ತಿದ್ದ ವಿಷಯ.

ವೇರಿಯಬಲ್ ಮೊದಲು, ಏಕೆಂದರೆ ಎಲ್ಲರೂ ಮೊದಲು ಕೊಳ್ಳುವುದು ಅದನ್ನೇ. ಎರಡು ಪೋಲರೈಜರ್ ಗಾಜುಗಳನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಗಾಜು) ಮುಖಾಮುಖಿ ಇಟ್ಟು ಒಂದನ್ನು ತಿರುಗಿಸಿದರೆ ಬೆಳಕು ಕಡಿಮೆಯಾಗುತ್ತಾ ಹೋಗುತ್ತದೆ. ಉಂಗುರ ತಿರುಗಿಸಿದರೆ ಆಯಿತು, ಎರಡು ಸೆಕೆಂಡಿನ ಕೆಲಸ. ಆ ಸುಖಕ್ಕೆ ಮನಸೋತು ಇಡೀ ಒಂದು ವರ್ಷ ಅದರಲ್ಲೇ ಕಳೆದೆ. ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಆ ವರ್ಷದ ಶಾಟ್‌ಗಳನ್ನು ಮತ್ತೆ ತೆರೆದು ನೋಡಲು ಸಂಕಟವಾಯಿತು. 24 ಎಂಎಂನಲ್ಲಿ ಕೊನೆಯ ಗುರುತಿನ ಹತ್ತಿರ ಹೋದೊಡನೆ ಆಕಾಶದಲ್ಲಿ ಗುಣಾಕಾರ ಚಿಹ್ನೆಯಂಥ ಕಪ್ಪು ಪಟ್ಟೆ. ಇದು ಎಲ್ಲರಿಗೂ ಕಾಣುವ ದೋಷ, 50 ಎಂಎಂನಲ್ಲಿ ಅಷ್ಟಾಗಿ ಇರಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಮುಖ. ಹಣೆ, ಕೆನ್ನೆಯ ಮೇಲೆ ಇರುವ ಸಣ್ಣ ಹೊಳಪಿನಿಂದಲೇ ಮುಖ ದುಂಡಗೆ ಕಾಣುವುದು. ಪೋಲರೈಜರ್ ಆ ಹೊಳಪನ್ನೇ ನುಂಗುತ್ತದೆ. ಗೆಳೆಯನ ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಚಪ್ಪಟೆಯಾಗಿತ್ತು. ನನ್ನದರಲ್ಲಿ ತಿರುಗುವುದು ಹೊರಗಿನ ಗಾಜು, ಹಾಗಾಗಿ ಬೆಳಕು ಸರಿಮಾಡಲು ಉಂಗುರ ಮುಟ್ಟಿದಾಗಲೆಲ್ಲ ಎಲೆಯ ಮಿಂಚು ಬರುತ್ತಿತ್ತು, ಹೋಗುತ್ತಿತ್ತು. ಬಕೆಟ್ಟಿನ ತಳ ಒಮ್ಮೆ ಕಾಣುತ್ತಿತ್ತು, ಇನ್ನೊಮ್ಮೆ ಬರೀ ಆಕಾಶದ ಬಿಂಬ. ಕ್ಯಾಮೆರಾವನ್ನು ನಿಧಾನವಾಗಿ ಒಂದು ಬದಿಯಿಂದ ಇನ್ನೊಂದಕ್ಕೆ ತಿರುಗಿಸಿದರೆ ಆಕಾಶದ ನೀಲಿ ಅರ್ಧ ದಾರಿಯಲ್ಲಿ ಕಡುವಾಗಿ ಮತ್ತೆ ತಿಳಿಯಾಯಿತು.

ಬಣ್ಣವೂ ನಿಲ್ಲುವುದಿಲ್ಲ. ಆರು ಬೇರೆ ಸ್ಥಾನಗಳಲ್ಲಿ ತೆಗೆದ ಬೂದು ಕಾರ್ಡ್ ಆರು ಬಗೆಯ ಬೂದು. ಉಂಗುರದ ಮೇಲಿನ ಗುರುತುಗಳು ಸ್ಟಾಪ್‌ಗಳಿಗೆ ಸರಿಯಾಗಿ ತಾಳೆಯಾಗುವುದೂ ಇಲ್ಲ. ನಾಳೆ ಅದೇ ದೃಶ್ಯ ಮುಂದುವರಿಸಬೇಕಾದರೆ ಇವತ್ತು ಎಲ್ಲಿದ್ದೆವು ಅನ್ನುವುದು ಅಂದಾಜೇ.

ಸ್ಥಿರ ಎನ್‌ಡಿಯ ಗುಣ ಅಂಕಿಯಲ್ಲಿದೆ. 0.3 ಅಂದರೆ 1 ಸ್ಟಾಪ್, 0.9 ಅಂದರೆ 3, 1.8 ಅಂದರೆ 6. ಬಣ್ಣ ಸ್ವಲ್ಪ ವಾಲಿದರೂ ಯಾವಾಗಲೂ ಒಂದೇ ಕಡೆ ವಾಲುತ್ತದೆ. ಫಿಲ್ಟರ್ ಹಾಕಿದ ಮೇಲೆ ವೈಟ್ ಬ್ಯಾಲೆನ್ಸ್ ಒಮ್ಮೆ ಮಾಡಿದರೆ ಮುಗಿಯಿತು. ತೊಂದರೆ ಏನೆಂದರೆ ತಿರುಪಬೇಕು, ಬಿಚ್ಚಬೇಕು, ಮತ್ತೆ ತಿರುಪಬೇಕು, ಅಷ್ಟರಲ್ಲಿ ಮೋಡ ಸರಿದಿರುತ್ತದೆ. ಅವಸರದಲ್ಲಿ ಓರೆಯಾಗಿ ಕೂರಿಸಿದರೆ ಕಚ್ಚಿಕೊಳ್ಳುತ್ತದೆ. ಆಗ ಜೋರಾಗಿ ಅದುಮಿದಷ್ಟೂ ಉಂಗುರ ಸೊಟ್ಟಗಾಗಿ ಇನ್ನೂ ಬಿಗಿಯುತ್ತದೆ. ಸುತ್ತ ಅಗಲದ ರಬ್ಬರ್ ಬ್ಯಾಂಡ್ ಸುತ್ತಿ ಹಗುರಾಗಿ ತಿರುಗಿಸಿ, ಬರುತ್ತದೆ. ಒಂದೊಂದು ಲೆನ್ಸಿಗೆ ಒಂದೊಂದು ಅಳತೆಯ ಫಿಲ್ಟರ್ ಕೊಳ್ಳುವ ಬದಲು ದೊಡ್ಡ ಅಳತೆಯದನ್ನು, ಉದಾಹರಣೆಗೆ 82 ಎಂಎಂ, ಒಂದೇ ಸಲ ತಂದು ಉಳಿದ ಲೆನ್ಸ್‌ಗಳಿಗೆ ಸ್ಟೆಪ್-ಅಪ್ ರಿಂಗ್ (ಚಿಕ್ಕ ಬಾಯಿಗೆ ದೊಡ್ಡ ಫಿಲ್ಟರ್ ಕೂರಿಸುವ ಉಂಗುರ) ಹಾಕಿಕೊಳ್ಳಿ.

ಈಗ ಹಗ್ಗದ ಮೇಲಿನ ಬಟ್ಟೆ. ನನ್ನ ಹತ್ತಿರ ಎರಡು 1.8 ಇದ್ದವು, ಒಂದು ಅಗ್ಗದ್ದು, ಇನ್ನೊಂದು ಐಆರ್ ಎನ್‌ಡಿ ಎಂದು ಬರೆದದ್ದು, ಅಂದರೆ ಕಣ್ಣಿಗೆ ಕಾಣದ ಅವಕೆಂಪು (ಇನ್ಫ್ರಾರೆಡ್) ಕಿರಣವನ್ನೂ ತಡೆಯುವಂಥದ್ದು. ಅಗ್ಗದ್ದನ್ನು ಹಾಕಿದಾಗ ನಾಲ್ಕು ಕಪ್ಪು ಬಟ್ಟೆಗಳಲ್ಲಿ ಎರಡು ಕಪ್ಪಾಗಿಯೇ ಉಳಿದವು, ಇನ್ನೆರಡು ಕೆಂಪು ಮಿಶ್ರಿತ ಕಂದು. ಗೆಳೆಯ ಬಟ್ಟೆಯನ್ನು ಮುಟ್ಟಿ ನೋಡಿದ, ಮಾನಿಟರ್ ನೋಡಿದ, ಮತ್ತೆ ಮುಟ್ಟಿದ. 1.8ರ ಸಾದಾ ಎನ್‌ಡಿ ಕಣ್ಣಿಗೆ ಕಾಣುವ ಬೆಳಕನ್ನು 64ನೇ ಒಂದು ಭಾಗಕ್ಕೆ ಇಳಿಸುತ್ತದೆ, ಅವಕೆಂಪು ಕಿರಣಗಳನ್ನು ಮಾತ್ರ ಹೆಚ್ಚುಕಡಿಮೆ ಹಾಗೇ ಬಿಡುತ್ತದೆ. ಸೆನ್ಸರ್ ಮುಂದಿನ ತಡೆ ಎಲ್ಲವನ್ನೂ ಹಿಡಿಯುವುದಿಲ್ಲ. ಫಿಲ್ಟರ್ ಇಲ್ಲದಾಗ ಗಣನೆಗೇ ಬಾರದಷ್ಟಿದ್ದ ಅವಕೆಂಪಿನ ಪಾಲು ಈಗ ದೊಡ್ಡದಾಗುತ್ತದೆ. ಕೆಲವು ಕೃತಕ ನೂಲಿನ ಕಪ್ಪು ಬಟ್ಟೆಗಳು ಅವಕೆಂಪನ್ನು ಚೆನ್ನಾಗಿ ಪ್ರತಿಫಲಿಸುತ್ತವೆ, ಬಣ್ಣ ಬಯಲಾಗುವುದು ಅಲ್ಲಿ. ಗ್ರೇಡಿಂಗ್‌ನಲ್ಲಿ (ಚಿತ್ರೀಕರಣದ ನಂತರ ಬಣ್ಣ ತಿದ್ದುವಾಗ) ತೆಗೆಯುತ್ತೇನೆ ಅಂದುಕೊಂಡರೆ ಕಪ್ಪಿನಿಂದ ಕೆಂಪು ಎಳೆದಾಗ ಚರ್ಮದ ಜೀವವೂ ಜೊತೆಗೇ ಹೋಗುತ್ತದೆ. ಐಆರ್ ಎನ್‌ಡಿ ಹಾಕಿದೊಡನೆ ನಾಲ್ಕೂ ಬಟ್ಟೆ ಕಪ್ಪು. ಆದರೂ ಎಲ್ಲ ಐಆರ್ ಎನ್‌ಡಿ ಎಲ್ಲ ಕ್ಯಾಮೆರಾಕ್ಕೂ ಒಂದೇ ಥರ ಒಗ್ಗುವುದಿಲ್ಲ. ಚಿತ್ರೀಕರಣದ ಹಿಂದಿನ ದಿನ ಪಾತ್ರಧಾರಿಗಳ ಕಪ್ಪು ಉಡುಪನ್ನೆಲ್ಲ ಬಿಸಿಲಿಗೆ ಹಾಕಿ, ಫಿಲ್ಟರ್ ಇಟ್ಟು ಒಮ್ಮೆ, ತೆಗೆದು ಒಮ್ಮೆ ಶೂಟ್ ಮಾಡಿ ನೋಡಿ. ಹತ್ತು ನಿಮಿಷ ಸಾಕು.

ಮ್ಯಾಟ್ ಬಾಕ್ಸ್ ಬಗ್ಗೆ ಹೆಚ್ಚು ಹೇಳಲಾರೆ. 4×5.65 ಇಂಚಿನ ಗಾಜು ಎಲ್ಲ ಲೆನ್ಸಿಗೂ ಒಂದೇ, ಬದಲಿಸುವುದು ಸಲೀಸು, ಪಕ್ಕದ ಬಿಸಿಲಿಗೆ ಮರೆಯೂ ಆಗುತ್ತದೆ. ಸಹಾಯಕರಿದ್ದರೆ ಇದೇ ರಾಜಮಾರ್ಗ. ಒಬ್ಬನೇ ಹೆಗಲ ಮೇಲೆ ಹೊತ್ತು ಓಡುವವನಿಗೆ ಅದು ಹೊರೆ. ಎರಡು ಗಾಜು ಒಟ್ಟಿಗೆ ಹಾಕಿದಾಗ ಅವುಗಳ ನಡುವೆ ಬೆಳಕು ಪುಟಿದು ಸೂರ್ಯನ ಮರಿಬಿಂಬ ಮೂಡುತ್ತದೆ, ಗಾಜನ್ನು ಸ್ವಲ್ಪ ವಾಲಿಸಿದರೆ ಅದು ಫ್ರೇಮಿನಿಂದಾಚೆ ಹೋಗುತ್ತದೆ.

ಒಳಗಿನ ಎನ್‌ಡಿ ಬಳಸಿದ ಮೇಲೆ ಉಳಿದದ್ದೆಲ್ಲ ಸರ್ಕಸ್ ಅನ್ನಿಸಿತು. ಗುಂಡಿ ಒತ್ತಿದರೆ ಮುಗಿಯಿತು. ಲೆನ್ಸ್ ಬದಲಿಸಿದರೂ ಫಿಲ್ಟರ್ ಅಲ್ಲೇ ಇರುತ್ತದೆ. ಆರಿ ಅಲೆಕ್ಸಾ ಮಿನಿಯಲ್ಲಿ 0.6, 1.2, 2.1 ಎಂಬ ಮೂರು ಮೆಟ್ಟಿಲು. ಕ್ಯಾನನ್ ಸಿ300 ಮಾರ್ಕ್ 2ರಲ್ಲಿ 10 ಸ್ಟಾಪ್‌ವರೆಗೆ. ಸೋನಿ ಎಫ್‌ಎಕ್ಸ್6ರಲ್ಲಿ ಮೆಟ್ಟಿಲೇ ಇಲ್ಲದೆ 1/4ರಿಂದ 1/128ರವರೆಗೆ ಶಾಟ್ ನಡುವೆಯೇ ಜಾರಿಸಬಹುದು. ನಾನು ಎರವಲು ತಂದದ್ದು ಎರಡೆರಡು ಸ್ಟಾಪ್ ಮೆಟ್ಟಿಲಿನದು. ನಡುವಿನ ಚೂರುಪಾರು ಸರಿಮಾಡಲು ಅಪರ್ಚರ್ ಮುಟ್ಟದೆ ಶಟರ್ ಕೋನವನ್ನು 180ರಿಂದ 144ಕ್ಕೆ ತಂದೆ. ಸುಮಾರು ಮೂರನೇ ಒಂದು ಸ್ಟಾಪ್ ಕಡಿಮೆಯಾಗುತ್ತದೆ, ಚಲನೆಯಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲ.

ಸದ್ಯ ನನ್ನ ಚೀಲದಲ್ಲಿರುವುದು 0.9 ಮತ್ತು 1.8ರ ಎರಡು ಐಆರ್ ಎನ್‌ಡಿ, ಅಯಸ್ಕಾಂತದ ಉಂಗುರದವು. ತಿರುಪುವ ಗೋಳು ತಪ್ಪಿತು. ಎರಡನ್ನೂ ಸೇರಿಸಿದರೆ 2.7, ಅಂದರೆ ಮೊದಲು ಹೇಳಿದ ಆ 9 ಸ್ಟಾಪ್. 24 ಎಂಎಂನಲ್ಲಿ ಎರಡೂ ಸೇರಿದರೆ ಮೂಲೆ ಕಪ್ಪಾಗುತ್ತದೆ, ಅಲ್ಲಿ 1.8 ಒಂದೇ ಹಾಕಿ ಎಫ್ 8ರಲ್ಲಿ ಕೆಲಸ ಮುಗಿಸುತ್ತೇನೆ; ಅಷ್ಟು ಅಗಲದ ಶಾಟ್‌ನಲ್ಲಿ ಹಿನ್ನೆಲೆ ಮಸುಕಾಗಬೇಕೆಂದು ಯಾರೂ ಕೇಳುವುದಿಲ್ಲ. ವೇರಿಯಬಲ್ ಅನ್ನು ಮಾರಿಲ್ಲ. ಒಳಗಿನಿಂದ ಬಾಗಿಲು ದಾಟಿ ಬಿಸಿಲಿಗೆ ಬರುವವರ ಹಿಂದೆ ಕ್ಯಾಮೆರಾ ಹೋಗಬೇಕಾದಾಗ, ಎರಡನೇ ಟೇಕ್ ಸಿಗದ ಕಡೆ, 50 ಎಂಎಂ ಮೇಲೆ ಅದೇ ಬರುತ್ತದೆ. ಮುಂದಿನ ಕ್ಯಾಮೆರಾ ಮಾತ್ರ ಒಳಗೇ ಎನ್‌ಡಿ ಇರುವಂಥದ್ದು, ಅದರಲ್ಲಿ ಎರಡು ಮಾತಿಲ್ಲ.

ಇನ್ನೊಂದು. ಸಂಜೆಯಾದಂತೆ ಫಿಲ್ಟರ್ ತೆಗೆಯಲು ಮರೆಯುತ್ತೇವೆ. ನಾನು 1.8 ಇಟ್ಟುಕೊಂಡೇ, ಬೆಳಕು ಸಾಲದೆಂದು ಐಎಸ್‌ಓ ಏರಿಸುತ್ತಾ ಹೋಗಿ, ಒಂದು ಇಡೀ ಸಂಜೆಯ ಶಾಟ್‌ಗಳಿಗೆ ಮರಳು ಸುರಿದಂತೆ ನಾಯ್ಸ್ ತುಂಬಿಸಿದ್ದೇನೆ. ಅಂದಿನಿಂದ ಫಿಲ್ಟರ್ ಹಾಕಿದಾಗಲೆಲ್ಲ ಮಾನಿಟರ್ ಅಂಚಿಗೆ ಬಿಳಿ ಟೇಪಿನ ಒಂದು ಚೂರು ಅಂಟಿಸಿ ಮೇಲೆ ಅಂಕಿ ಬರೆಯುತ್ತೇನೆ. ಫಿಲ್ಟರ್ ತೆಗೆದಾಗ ಟೇಪೂ ಕಿತ್ತು ಅದರ ಡಬ್ಬಿಯ ಮೇಲೆ ಹೋಗುತ್ತದೆ.